ಗೋಡೆಯ ಮೇಲೆ ಬೋರಲು ಹಾಕಿದ ತಾಟು

ಮಾನ್ವಿಯ ನಮ್ಮ ಬಾಡಿಗೆ ಮನೆಯಲ್ಲಿ ಬೆಳಗಾಗುತ್ತಿದ್ದುದು ಸೀಟಿಯಿಂದ. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಶಾಲೆಗೂ ಮನೆಗೂ ಒಂದೇ ಸೀಟಿ. ಮೊದಲ ಸೀಟಿಗೆ ಏಳಬೇಕು, ಎರಡನೆಯದಕ್ಕೆ ಹಾಸಿಗೆ ಮಡಿಸಬೇಕು, ಮೂರನೆಯದಕ್ಕೆ ಮುಖ ತೊಳೆದು ಅಂಗಳದಲ್ಲಿ ನಿಲ್ಲಬೇಕು. ಹಿರಿಯ ಮಗಳು ಎರಡನೆಯ ಸೀಟಿ ಊದುವ ಮೊದಲೇ ಹಾಸಿಗೆ ಮಡಿಸಿ ನಿಂತಿರುತ್ತಿದ್ದಳು. ಕಿರಿಯವಳು ಇನ್ನೂ ಕೂಸು, ಸೀಟಿ ಕೇಳಿದರೆ ಅಳುತ್ತಿದ್ದಳು. ನನ್ನ ಹೆಂಡತಿ ಒಲೆಯ ಮುಂದಿನಿಂದಲೇ ಮಾತು ಎಸೆಯುತ್ತಿದ್ದಳು.

"ಮಾಸ್ತರ, ಇದು ಮನಿ ಅದ, ನಿಮ್ಮ ಮೈದಾನ ಅಲ್ಲ. ಹಂಗ ರೊಟ್ಟಿಗೂ ಒಂದು ಸೀಟಿ ಊದಿ ನೋಡ್ರಿ, ಉಬ್ಬತದೇನು."

ಈ ಶಿಸ್ತು ನನಗೆ ಬಂದದ್ದು ರಾಯಚೂರಿನ ಹಾಸ್ಟೆಲಿನಿಂದ. ನಮ್ಮೂರು ದೇವದುರ್ಗದ ಆಚೆಗಿನ ಒಂದು ಸಣ್ಣ ಹಳ್ಳಿ. ಅಪ್ಪ ಬೇಗ ತೀರಿಕೊಂಡಿದ್ದ. ಅವ್ವ ಗೌಡರ ಹೊಲದಲ್ಲಿ ಕಳೆ ಕೀಳುತ್ತಿದ್ದಳು, ಹತ್ತಿ ಬಿಡಿಸುತ್ತಿದ್ದಳು. ಊರ ಶಾಲೆಯ ಮಾಸ್ತರರೊಬ್ಬರು ನನ್ನನ್ನು ಕರೆದೊಯ್ದು ನಮ್ಮ ಕೇರಿಗಳ ಮಕ್ಕಳಿಗಾಗಿಯೇ ಇದ್ದ ಸರಕಾರಿ ಹಾಸ್ಟೆಲಿಗೆ ಸೇರಿಸಿದರು. ಅಲ್ಲಿ ಬೇವಿನ ಮರಕ್ಕೆ ರೈಲು ಹಳಿಯ ತುಂಡೊಂದನ್ನು ತೂಗುಹಾಕಿದ್ದರು. ಅದನ್ನು ಬಡಿದರೆ ಊಟ. ಮರುದಿನವೂ ಬಡಿದರು, ಮರುದಿನವೂ ಊಟ ಬಂತು. ಊಟ ಯಾವಾಗ ಬರುತ್ತದೆ, ಬರುತ್ತದೋ ಇಲ್ಲವೋ ಎಂದು ಗೊತ್ತಿಲ್ಲದ ಮನೆಯಿಂದ ಹೋದ ಹುಡುಗನಿಗೆ ಅದು ಎಂಥ ಸೋಜಿಗ ಎಂಬುದನ್ನು ನಾನು ಯಾರಿಗೂ ಸರಿಯಾಗಿ ತಿಳಿಸಿ ಹೇಳಲಾರೆ. ಇಂದಿಗೂ ಎಲ್ಲಾದರೂ ಗಂಟೆ ಬಡಿದರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಆದರೆ ಅದಕ್ಕೆ ಇನ್ನೊಂದು ಮಗ್ಗುಲೂ ಇತ್ತು. ಮೊದಲ ರಜೆಗೆ ನಾನು ಊರಿಗೆ ಹೋದಾಗ ಅವ್ವ ಅಟ್ಟದ ಮೇಲಿಂದ ಹೊಸ ಚಾಪೆ ಇಳಿಸಿ ಹಾಸಿದಳು. ಬಂದ ಬೀಗರಿಗೆ ಹಾಸುವ ಚಾಪೆ ಅದು. ನಾನು ಅದರ ಮೇಲೆ ಕುಳಿತೆ. ಅವ್ವ ಎದುರಿಗೆ ಬರಿ ನೆಲದ ಮೇಲೆ ಕುಳಿತಳು. ಆಮೇಲೆ ಪ್ರತಿ ರಜೆಗೂ ಆ ಚಾಪೆ ಇಳಿಯಿತು. ಹಾಸ್ಟೆಲು ನನಗೆ ಅನ್ನ, ಅಕ್ಷರ, ನೌಕರಿ ಎಲ್ಲ ಕೊಟ್ಟಿತು. ನಮ್ಮ ಮನೆಯ ಬರಿ ನೆಲದ ಮೇಲೆ ಕೂರುವುದು ಮಾತ್ರ ನನ್ನ ಕೈತಪ್ಪಿತು.

ಆದ್ದರಿಂದ ಎಪ್ಪತ್ತರ ದಶಕದ ಕೊನೆಯಲ್ಲಿ ರಾಯಚೂರಿನ ಒಂದು ವಸತಿ ಶಾಲೆಯಲ್ಲಿ ಹಿರಿಯ ಮಗಳಿಗೆ ಜಾಗ ಸಿಕ್ಕಿತೆಂದು ತಿಳಿದಾಗ ನನ್ನೊಳಗೆ ಎರಡು ಮನಸ್ಸುಗಳು ಎದುರುಬದುರಾಗಿ ನಿಂತವು. ಅದು ನಮ್ಮ ಕೇರಿಗಳ ಹಾಸ್ಟೆಲಲ್ಲ. ಎಲ್ಲ ಜಾತಿಯ ಹೆಣ್ಣುಮಕ್ಕಳೂ ಒಟ್ಟಿಗಿದ್ದು ಓದುವ ಶಾಲೆ. ಪರೀಕ್ಷೆಗೆ ಅವಳನ್ನು ತಯಾರು ಮಾಡಿದವನು ನಾನೇ. ಆದರೂ ಟ್ರಂಕು ತಂದು ನಡುಮನೆಯಲ್ಲಿ ಇಟ್ಟ ದಿನ ಅದರ ಕಡೆ ನೋಡಲಾಗದೆ ಕಾಲುವೆ ದಂಡೆಗೆ ನಡೆದುಬಿಟ್ಟೆ.

"ಮಾನ್ವಿಯೊಳಗ ಸಾಲಿ ಇಲ್ಲೇನು?" ಎಂದಳು ಹೆಂಡತಿ. "ನೀವು ಸಣ್ಣಾವ್ರಿದ್ದಾಗ ಉಣ್ಣಾಕ ಇರಲಿಲ್ಲ, ಹೋದ್ರಿ. ಈಕಿಗೇನು ಕಮ್ಮಿ ಆಗ್ಯಾದ?"

"ಉಣ್ಣೂದಲ್ಲ. ಅಲ್ಲಿ ಕಲಿಯೋದು ಬ್ಯಾರೆನೇ ಇರ್ತದ."

"ಕಲೀಲಿ. ಕಲಿತು ನಮ್ಮನ್ನ ಮರೀಬಾರದು, ಅಷ್ಟ."

ಹೊರಡುವ ಮುನ್ನ ಅವ್ವ ಊರಿನಿಂದ ಬಂದಳು. ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿ ಒಂದು, ಹೊಸ ಸ್ಟೀಲಿನ ತಾಟು ಒಂದು ತಂದಿದ್ದಳು. ಆಗೆಲ್ಲ ನಮ್ಮ ಕಡೆ ಹೆಸರು ಹಾಕಿಸದೆ ಯಾರೂ ಯಾರಿಗೂ ಪಾತ್ರೆ ಕೊಡುತ್ತಿರಲಿಲ್ಲ. ದೇವದುರ್ಗದ ಸಂತೆಯಲ್ಲಿ ಸಣ್ಣ ಸುತ್ತಿಗೆ, ಮೊಳೆಯಂಥ ಉಳಿ ಹಿಡಿದು ಕೂತವನೊಬ್ಬ ಚುಕ್ಕಿ ಚುಕ್ಕಿಯಾಗಿ ಹೆಸರು ಬಡಿದು ಕೊಡುತ್ತಿದ್ದ. ಅವ್ವನಿಗೆ ಓದು ಬರುತ್ತಿರಲಿಲ್ಲ. ಅಕ್ಷರಗಳ ಮೇಲೆ ಬೆರಳಾಡಿಸಿ ತಾಟನ್ನು ನನ್ನ ಮುಂದೆ ಹಿಡಿದಳು.

"ಹುಡುಗಿ ಹೆಸರು ಸರಿ ಬಿದ್ದದೇನು ನೋಡಲೇ ತಮ್ಮಾ."

"ಸರಿ ಅದ ಬೇ ಯವ್ವಾ."

"ಆಳಕ ಬಡಿ ಅಂತ ಹೇಳೀನಿ ಅವಂಗ. ಎಷ್ಟು ತಿಕ್ಕಿದ್ರೂ ಹೋಗಬಾರದು."

ಶಾಲೆಯ ಗೇಟಿನಲ್ಲಿ ಮಗಳು ನನ್ನ ಮುಖ ನೋಡಿ ಒಂದೇ ಪ್ರಶ್ನೆ ಕೇಳಿದಳು. "ಅಪ್ಪಾ, ಇಲ್ಲಿ ಸೀಟಿನೋ, ಗಂಟಿನೋ?"

"ಗಂಟಿ."

"ಗಂಟಿ ಆದ್ರ ಛಲೋ. ಸೀಟಿ ಊದಿದ್ರ ನೀ ನೆನಪಾಗ್ತಿ."

ಇಷ್ಟು ಹೇಳಿ ಟ್ರಂಕಿನ ಒಂದು ಹಿಡಿಕೆಗೆ ಕೈಹಾಕಿದಳು. ಇನ್ನೊಂದು ಹಿಡಿಕೆ ನಾನು ಹಿಡಿದೆ. ವಾರ್ಡನ್ ಬಾಯಿಯವರು ಗಟ್ಟಿ ದನಿಯ, ತೆಳ್ಳಗಿನ ಹೆಂಗಸು. ಟ್ರಂಕು ತೆರೆಸಿ ಒಂದೊಂದನ್ನೇ ಎತ್ತಿ ನೋಡಿದರು. ಕೌದಿ ಇರಲಿ ಎಂದರು. ತಾಟನ್ನು ತೆಗೆದು ನನ್ನ ಕೈಗೆ ಕೊಟ್ಟರು. "ತಾಟು ಬ್ಯಾಡ್ರಿ. ತಾಟು ನಮ್ಮಲ್ಲಿ ಅದಾವ." ಅವರ ಹಿಂದೆ ಇನ್ನೂ ಟ್ರಂಕುಗಳು ಕಾಯುತ್ತಿದ್ದವು. ನಾನು ಏನೂ ಕೇಳದೆ ತಾಟನ್ನು ಚೀಲಕ್ಕೆ ಹಾಕಿಕೊಂಡು ಬಂದೆ.

ಮಾನ್ವಿಯಲ್ಲಿ ಅವ್ವ ಇನ್ನೂ ಇದ್ದಳು. ತಾಟು ತಿರುಗಿ ಬಂದದ್ದು ನೋಡಿ ಅದನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಯಾಕ ಬ್ಯಾಡಂದ್ರಂತ?"

"ಅವರ ಕಡೆ ಅದಾವಂತ ಯವ್ವಾ."

"ಇದ್ರ ಇರಲಿ. ಇದೊಂದು ಇದ್ರ ಅವರಿಗೇನು ಭಾರ ಆಗ್ತಿತ್ತು?"

ಅವ್ವ ತಾಟನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಊರಿಗೆ ಹೋದಳು. ಮರುದಿನ ಬೆಳಗ್ಗೆ ನಾನು ರೂಢಿಯಂತೆ ಸೀಟಿ ಊದಿದೆ. ಎರಡನೆಯ ಸೀಟಿ ಊದಲು ಹೋಗಿ ನಿಲ್ಲಿಸಿದೆ. ಮಡಿಸುವವರು ಯಾರೂ ಇರಲಿಲ್ಲ. ಅಂದಿನಿಂದ ಮನೆಯಲ್ಲಿ ಸೀಟಿ ಮೊಳೆಗೆ ತೂಗಿತು. ಹೆಂಡತಿ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೇ ಚೆನ್ನಾಗಿತ್ತು.

ದಸರೆಯ ರಜೆಗೆ ನಾವೆಲ್ಲ ಊರಿನಲ್ಲಿ ಅವ್ವನ ಮನೆಯಲ್ಲಿ ಸೇರಿದೆವು. ಮಗಳನ್ನು ರಾಯಚೂರಿನಿಂದ ನೇರವಾಗಿ ಅಲ್ಲಿಗೇ ಕರೆತಂದೆ. ಕೆಲವೇ ತಿಂಗಳಲ್ಲಿ ಅವಳು ಬೇರೆಯಾಗಿದ್ದಳು. ಯಾರೂ ಎಬ್ಬಿಸದೆ ಎದ್ದಳು. ಕೌದಿಯ ಮೂಲೆಗೆ ಮೂಲೆ ಕೂಡಿಸಿ ಮಡಿಸಿದಳು. ತಂಗಿಯ ಕೂದಲು ಬಾಚಿ ಎರಡು ಜಡೆ ಹಾಕಿದಳು, ಆ ಕೂಸು ಅಳದೆ ಕೂತಿತ್ತು. ನನ್ನ ಸೀಟಿಯಿಂದ ಆಗದ ಕೆಲಸ ಅದು. ನಾನು ಬೆರಗಾಗಿ ನಿಂತು ನೋಡಿದೆ. ಇಷ್ಟು ಸಣ್ಣ ಕೈಗಳಿಗೆ ಇಷ್ಟು ನೆಮ್ಮದಿ ಎಲ್ಲಿಂದ ಬಂತು? ಇವಳನ್ನು ಹೀಗೆ ಮಾಡಿದ ಆ ಜಾಗದ ಮೇಲೆ ಭಕ್ತಿಯಂಥದೇನೋ ಹುಟ್ಟಿತು. ನಾನಲ್ಲದ ಯಾರೋ ಮಾಡಿದರಲ್ಲ ಎಂಬುದು ಜೊತೆಗೇ ಚುಚ್ಚಿತು.

ಮಧ್ಯಾಹ್ನ ಊಟಕ್ಕೆ ಕೂತೆವು. ಮಗಳು ಎಲ್ಲರಿಗಿಂತ ಮೊದಲು ಎದ್ದು ತಾನುಂಡ ತಾಟನ್ನು ತಾನೇ ಎತ್ತಿಕೊಂಡು ಹೋಗಿ ಬೂದಿ ಹಚ್ಚಿ ತಿಕ್ಕಿ ತೊಳೆದಳು. ಒಳಗೆ ತರಲಿಲ್ಲ. ಅಂಗಳದ ಗಿಡ್ಡ ಗೋಡೆಯ ಮೇಲೆ ಬೋರಲು ಹಾಕಿದಳು. ಕೈ ಒರೆಸಿಕೊಂಡು ಬಂದಳು.

ಅವ್ವ ಬಾಯಿಗೊಯ್ಯುತ್ತಿದ್ದ ತುತ್ತನ್ನು ಕೆಳಗಿಟ್ಟಳು.

ಅದು ಯಾಕೆಂದು ನನಗೂ ನನ್ನ ಹೆಂಡತಿಗೂ ಕೂಡಲೇ ತಿಳಿಯಿತು. ಗೌಡರ ಮನೆಯಲ್ಲಿ ಕೂಲಿ ಮಾಡುವ ದಿನ ಅವ್ವನಿಗೆ ಊಟ ಕೊಡುತ್ತಿದ್ದುದು ದನದ ಕೊಟ್ಟಿಗೆಯ ಬಳಿ. ಅವಳು ಉಣ್ಣುವ ಗಂಗಾಳವೊಂದು ಅಲ್ಲಿನ ಗೋಡೆಯ ಮೇಲೆ ಇರುತ್ತಿತ್ತು. ಉಂಡ ಮೇಲೆ ಅವಳೇ ತೊಳೆದು, ಅದೇ ಗೋಡೆಯ ಮೇಲೆ ಬೋರಲು ಹಾಕಿ ಬರಬೇಕು. ಆ ಮನೆಯ ಮತ್ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಮಳೆ, ಬಿಸಿಲು, ಕಾಗೆ ಮುಟ್ಟುತ್ತಿದ್ದವು.

"ಯವ್ವಾ, ಇಲ್ಲಿ ಬಾ," ಎಂದು ಅವ್ವ ಮೊಮ್ಮಗಳನ್ನು ಕರೆದಳು. "ಹಿಂಗ ತೊಳದು ಹೊರಗ ಹಾಕು ಅಂತ ನಿಂಗ ಯಾರು ಹೇಳಿಕೊಟ್ರು?"

"ಸಾಲ್ಯಾಗ ಹಿಂಗ ಮಾಡ್ತೀವಲ್ಲ, ಆಯಿ." ನಮ್ಮ ಮಕ್ಕಳು ಅಜ್ಜಿಯನ್ನು ಆಯಿ ಎನ್ನುತ್ತಿದ್ದರು.

"ಮಾಡ್ತೀವಿ ಅಂದ್ರ ಯಾರ್ಯಾರು?"

"ನಾವು."

"ನಾವು ಅಂದ್ರ ಯಾರು? ನಮ್ಮ ಕೇರ್ಯಾಗಿನವರೋ, ಎಲ್ಲಾರೋ?"

ಮಗಳು ಅವ್ವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಪ್ರಶ್ನೆ ಎಲ್ಲಿಂದ ಬಂತೆಂದೇ ಅವಳಿಗೆ ಹೊಳೆಯಲಿಲ್ಲ.

"ನಾವು ಅಂದ್ರ ನಾವು, ಆಯಿ," ಎಂದು ಹೇಳಿ ತಂಗಿಯ ಜೊತೆ ಆಡಲು ಓಡಿದಳು.

ಅವ್ವ ಊಟ ಮುಗಿಸಲಿಲ್ಲ. "ಈಗ ತಿಳೀತು, ನನ್ನ ತಾಟು ಯಾಕ ತಿರುಗಿ ಕಳಿಸಿದ್ರಂತ," ಎಂದಳು. "ಬ್ಯಾರೆ ತಾಟು ಇಟ್ಟಾರ ಆಕಿಗೆ. ತಾನ ತೊಳದು ತಾನ ಹೊರಗ ಹಾಕಬೇಕು. ಜನ್ಮಪೂರ್ತಿ ನಾ ಗ್ವಾಡಿ ಮ್ಯಾಲಿನ ಗಂಗಾಳದಾಗ ಉಂಡೀನಿ. ನೀ ಓದಿದಿ, ನೌಕರಿ ಹಿಡದಿ, ಇನ್ನ ಮುಗೀತು ಅಂದಿದ್ದೆ. ಆಕೀನ ಅದ ಗ್ವಾಡಿಗೆ ಕಳಿಸಾಕ ಇಷ್ಟು ದೂರ ಬಂದಂಗಾತೇನಲೇ?"

"ಹಂಗಿರಾಕಿಲ್ಲ ಬೇ ಯವ್ವಾ."

"ಇರಾಕಿಲ್ಲ ಅಂತಿ. ನೀ ನೋಡೀಯೇನು?"

ನೋಡಿರಲಿಲ್ಲ. ನಾನಿದ್ದ ಹಾಸ್ಟೆಲಿನಲ್ಲಿ ಎಲ್ಲರೂ ನಮ್ಮವರೇ. ಅಲ್ಲಿ ತಾಟಿನ ಮಾತೇ ಹುಟ್ಟುತ್ತಿರಲಿಲ್ಲ. ಎಲ್ಲರೂ ಕೂಡಿ ಉಣ್ಣುವ ಜಾಗದಲ್ಲಿ ಏನು ನಡೆಯುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದು. ನೌಕರಿಗೆ ಸೇರಿದ ಮೊದಲ ಶಾಲೆಯಲ್ಲಿ ಮಾಸ್ತರರ ಕೋಣೆಯ ಕಿಟಕಿಯಲ್ಲಿ ಚಹಾದ ಲೋಟವೊಂದು ನನಗಾಗಿ ಬೇರೆಯೇ ಇರುತ್ತಿತ್ತು. ಇದು ನಿನ್ನದು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಗಳಿಗೂ ಹಾಗೆಯೇ ಆಗಿದ್ದರೆ? ಅವಳಿಗೆ ಅದು ಗೊತ್ತಾಗುವ ವಯಸ್ಸೂ ಅಲ್ಲ.

"ಅತ್ತಿ ಓದೋದು ಬ್ಯಾಡ ಅನ್ನವಲ್ರು," ಎಂದಳು ಹೆಂಡತಿ. "ತಾಟು ನೋಡಿ ಬರ್ರಿ ಅನ್ನಾಕತ್ತಾರ. ನಾನೂ ಅದ ಅಂತೀನಿ. ಇಲ್ಲಂದ್ರ ಮಾನ್ವಿ ಸಾಲಿಗೆ ಹೋಗ್ಲಿ. ನಿಮ್ಮ ಸೀಟಿ ಇನ್ನೂ ಮೊಳೀಗೆ ಅದ."

ಹೋಗಿ ಕೇಳಿದರೆ ಯಾರೂ ಖರೆ ಹೇಳುವುದಿಲ್ಲ. ಇಂಥದನ್ನು ಊಟದ ಹೊತ್ತಿಗೆ ಹೋಗಿ ಕಣ್ಣಿಂದಲೇ ನೋಡಬೇಕು. ಹಾಗೆಂದು ರಜೆ ಮುಗಿದ ದಿನ ಮಧ್ಯಾಹ್ನದ ಗಂಟೆಗೆ ಮುಂಚೆ ತಲುಪುವ ಬಸ್ಸು ಹಿಡಿದೆವು. ಮಗಳು, ನಾನು, ಟ್ರಂಕು, ಅವ್ವ. ಅವ್ವನ ಷರತ್ತು ಒಂದೇ.

"ಟ್ರಂಕು ಬಾಗಲದಾಗ ಇಡು. ನಾ ಹೇಳಿದ ಮ್ಯಾಲ ಒಳಗ ಒಯ್ಯಿ. ಹೇಳಲಿಲ್ಲಂದ್ರ ಹಂಗ ತಿರುಗಿ ಬಸ್ಸಿಗೆ."

ಅವ್ವನ ತೊಡೆಯ ಮೇಲೆ ಸೀರೆಯ ತುಂಡಿನಲ್ಲಿ ಸುತ್ತಿದ ತಾಟಿತ್ತು. ಗಬ್ಬೂರು ದಾಟಿದ ಮೇಲೆ ಟಿಕೀಟು ಕೊಡಲು ಬಂದ ಕಂಡಕ್ಟರ್ ಅದನ್ನು ಬೆರಳಿನಿಂದ ತಟ್ಟಿ ನೋಡಿದ. "ಏನಬೇ ಯವ್ವಾ, ರಾಯಚೂರಾಗ ಪಾತ್ರಿ ಅಂಗಡಿ ಹಾಕಾಕ ಹೊಂಟೀಯೇನು?"

"ಅಂಗಡಿ ಅಲ್ಲೋ ತಮ್ಮಾ. ಪಂಚಾಯ್ತಿ ಮಾಡಾಕ ಹೊಂಟೀನಿ."

"ಹಂಗಾದ್ರ ಟಿಕೀಟು ದೊಡ್ಡದು ತಗೋಬೇಕಾಗತದ ನೋಡು," ಎಂದು ನಗುತ್ತ ಮುಂದೆ ಹೋದ. ಅವ್ವ ನಗಲಿಲ್ಲ. ಮಗಳು ಕಿಟಕಿಗೆ ಮುಖವಿಟ್ಟು ತನ್ನ ಗೆಳತಿಯರ ಸುದ್ದಿ ಹೇಳುತ್ತಲೇ ಇದ್ದಳು. ಟ್ರಂಕು ತಿರುಗಿ ಬರಬಹುದು ಎಂಬುದನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

ಶಾಲೆ ತಲುಪಿದಾಗ ಊಟದ ಗಂಟೆ ಬಡಿಯುತ್ತಿತ್ತು. ನನ್ನ ಬೆನ್ನು ನೆಟ್ಟಗಾಯಿತು. ಮಗಳು "ನಾ ಹೋಗ್ತೀನಿ" ಎಂದವಳೇ ಕೈಕಾಲು ತೊಳೆದು ಸಾಲಿಗೆ ಸೇರಿಬಿಟ್ಟಳು. ನಾನು ಟ್ರಂಕನ್ನು ಬಾಗಿಲ ಹೊರಗೆ ಇಟ್ಟೆ. ಅವ್ವ ಊಟದ ಮನೆಯ ಹೊಸ್ತಿಲ ತನಕ ಬಂದು ನಿಂತಳು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ. ಒಳಗೆ ಕಾಲಿಡಲಿಲ್ಲ. ದೊಡ್ಡವರ ಮನೆಗಳ ಹೊಸ್ತಿಲ ಈಚೆ ನಿಲ್ಲುವುದನ್ನು ಅವಳ ಕಾಲುಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ವಾರ್ಡನ್ ಬಾಯಿಯವರು ಹಿಂದಿನಿಂದ ಸರಸರನೆ ಬಂದರು. "ದಾರ್‍ಯಾಗ ನಿಂತ್ರ ಹೆಂಗರೀ? ಹುಡುಗ್ಯಾರು ಬಿಸಿ ಸಾರು ಹಿಡಕೊಂಡು ಓಡಾಡ್ತಾರ. ಒಳಗ ಬಂದು ಸಾಲಿನ್ಯಾಗ ನಿಂದರ್ರಿ. ತಾಟು ತಗೋರಿ, ಹೊತ್ತಾತು."

ಯಾರು, ಎಲ್ಲಿಯವರು, ಯಾಕೆ ಬಂದಿರಿ ಎಂದು ಕೇಳಲೇ ಇಲ್ಲ. ದಾರಿಗೆ ಅಡ್ಡ ನಿಂತದ್ದಕ್ಕೆ ಗದರಿಸಿ ಒಳಗೆ ದೂಡಿದರು, ಅಷ್ಟೇ. ಹೊಸ್ತಿಲ ಹೊರಗೆ ನಿಂತದ್ದಕ್ಕೆ ಅವ್ವ ಬೈಸಿಕೊಂಡದ್ದು ಅದೇ ಮೊದಲು. ಅವಳು ಬೆಪ್ಪಾಗಿ ನನ್ನ ಕಡೆ ನೋಡಿ, ಬಲಗಾಲು ಎತ್ತಿ ಒಳಗಿಟ್ಟಳು.

ಗೋಡೆಯ ಬದಿಗೆ ತಾಟುಗಳ ಒಂದೇ ಒಂದು ರಾಶಿ ಇತ್ತು. ಮೇಲಿನದನ್ನು ಎತ್ತಿಕೊಂಡು ಮುಂದೆ ಹೋಗಬೇಕು. ಅವ್ವನ ಮುಂದೆ ಕಿವಿಯಲ್ಲಿ ಚಿನ್ನದ ಲೋಲಾಕು ಹಾಕಿದ್ದ ಹುಡುಗಿಯೊಬ್ಬಳು ಮೇಲಿನದನ್ನು ಎತ್ತಿಕೊಂಡಳು. ಅದರ ಕೆಳಗಿನದು ಅವ್ವನಿಗೆ ಬಂತು. ಅದನ್ನು ಅವಳು ತಿರುಗಿಸಿ ನೋಡಿದಳು. ಬೆನ್ನು ನೋಡಿದಳು, ಅಂಚಿನ ಸುತ್ತ ಬೆರಳಾಡಿಸಿದಳು. ಬಣ್ಣದ ಚುಕ್ಕಿ, ಮೊಳೆಯ ಗೀರು, ಏನಾದರೂ ಗುರುತು ಇರಲೇಬೇಕು ಎಂದು ಹುಡುಕಿದಳು. ಏನೂ ಇರಲಿಲ್ಲ. ಹಿಂದಿದ್ದ ಹುಡುಗಿ, "ಅಮ್ಮಾ, ಮುಂದ ಹೋಗ್ರಿ, ನಮಗ ಹಸಿವಾಗ್ಯಾದ" ಎಂದಾಗ ಹೆಜ್ಜೆ ಕಿತ್ತಳು.

ನೆಲದ ಮೇಲೆ ಸಾಲಾಗಿ ಕುಳಿತೆವು. ಚಾಪೆ ಇರಲಿಲ್ಲ. ಮಗಳು ಎಲ್ಲೋ ನಡುವೆ ಕುಳಿತಿದ್ದಳು, ಯಾರದೋ ತಾಟಿನಿಂದ ಉಪ್ಪಿನಕಾಯಿ ಎತ್ತಿಕೊಳ್ಳುತ್ತಿದ್ದಳು. ಆ ಯಾರೋ ಅವಳ ಕೈಗೆ ಹೊಡೆದು ನಗುತ್ತಿದ್ದಳು. ಬಡಿಸುತ್ತಿದ್ದವರೂ ಹುಡುಗಿಯರೇ. ಅವ್ವ ಉಂಡಳೋ ಇಲ್ಲವೋ, ಅವಳ ಕಣ್ಣು ಮಾತ್ರ ಕೈಗಳ ಮೇಲಿತ್ತು. ಯಾರ ಕೈ ಯಾವ ತಾಟು ಮುಟ್ಟುತ್ತದೆ ಎಂದು ನೋಡುತ್ತಲೇ ಇದ್ದಳು.

ಊಟ ಮುಗಿದ ಮೇಲೆ ಎಲ್ಲರೂ ಎದ್ದು ಹಿತ್ತಲಿಗೆ ಹೋದರು. ಅಲ್ಲಿ ನೀರು ತುಂಬಿದ ಸಿಮೆಂಟಿನ ಉದ್ದನೆಯ ದೋಣಿ, ಬುಟ್ಟಿ ತುಂಬ ಬೂದಿ, ತೆಂಗಿನ ನಾರು. ಅವರವರು ಉಂಡದ್ದು ಅವರವರೇ ತೊಳೆಯುವುದು. ಲೋಲಾಕಿನ ಹುಡುಗಿ ತೊಳೆದಳು, ಮಗಳು ತೊಳೆದಳು, ಸೆರಗು ಸಿಕ್ಕಿಸಿಕೊಂಡು ವಾರ್ಡನ್ ಬಾಯಿಯವರೂ ತಮ್ಮದನ್ನು ತೊಳೆದರು. ತೊಳೆದು ಒಬ್ಬೊಬ್ಬರೇ ಹಿತ್ತಲ ಗೋಡೆಯ ಮೇಲೆ ಬಿಸಿಲಿಗೆ ಬೋರಲು ಹಾಕಿದರು. ಒಂದರ ಪಕ್ಕ ಒಂದು, ಅದರ ಪಕ್ಕ ಇನ್ನೊಂದು. ಈ ಮೂಲೆಯಿಂದ ಆ ಮೂಲೆಯ ತನಕ ಗೋಡೆ ತುಂಬಿತು. ರಾಯಚೂರಿನ ಬಿಸಿಲಿಗೆ ಅದು ಕಣ್ಣು ಕೋರೈಸುವಂತೆ ಹೊಳೆಯಿತು.

ಅವ್ವ ತನ್ನದನ್ನೂ ತೊಳೆದು ಆ ಸಾಲಿನಲ್ಲಿ ಹಾಕಿದಳು. ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಹಾಗೆಯೇ ನಿಂತಿದ್ದಳು. ಗೋಡೆಯ ಮೇಲಿನ ಒಂಟಿ ಗಂಗಾಳವನ್ನಷ್ಟೇ ಕಂಡಿದ್ದವಳು ತಾಟುಗಳ ಆ ಗೋಡೆಯನ್ನು ದೇವರ ಮುಂದೆ ನಿಂತಂತೆ ನೋಡುತ್ತಿದ್ದಳು. ಹುಡುಗಿಯರು ಅವಳನ್ನು ದಾಟಿಕೊಂಡು ಬಂದು ಇನ್ನೂ ಹಾಕುತ್ತಿದ್ದರು.

"ತಮ್ಮಾ, ಇದರಾಗ ನಂದು ಯಾವುದಲೇ?"

ನಾನು ಹುಡುಕಿದೆ. "ಗೊತ್ತಾಗವಲ್ದು ಬೇ."

"ನಂಗೂ ಗೊತ್ತಾಗವಲ್ದು," ಎಂದಳು. ಆಮೇಲೆ ಮೆಲ್ಲಗೆ, "ಒಳಗ ಒಯ್ಯಿ ಹೋಗು, ಟ್ರಂಕು."

ನಾನು ಟ್ರಂಕು ಇಟ್ಟು ಬರುವಷ್ಟರಲ್ಲಿ ಅವ್ವ ಸೀರೆಯ ತುಂಡು ಬಿಚ್ಚಿ ತಾಟನ್ನು ವಾರ್ಡನ್ ಬಾಯಿಯವರ ಮುಂದೆ ಹಿಡಿದಿದ್ದಳು.

"ಹೆಸರಿದ್ದ ತಾಟು ಇಟ್ಕೊಳ್ಳಂಗಿಲ್ರೀ ಯವ್ವಾ," ಎನ್ನುತ್ತಿದ್ದರು ಅವರು. "ನಂದು ತಾ, ನಂದು ತಾ ಅಂತ ಜಗಳ ಹತ್ತತಾವ. ಅದಕ್ಕ ಮೊದಲ ದಿನ ತಿರುಗಿ ಕೊಟ್ಟಿದ್ದೆ."

"ಆಕಿಗಂತ ಅಲ್ರೀ ಬಾಯಾರ. ಆ ಒಟ್ಟಿದ್ದ ರಾಶ್ಯಾಗ ಇಡ್ರಿ. ಯಾರ ಕೈಗೆ ಬಂತು ಅವರದು."

ಅವರು ಒಂದು ಗಳಿಗೆ ಅವ್ವನನ್ನು ನೋಡಿದರು. ಏನೋ ಅರ್ಥವಾದಂತೆ ಕಂಡಿತು. ತಾಟನ್ನು ಇಸಿದುಕೊಂಡು ತಾವೇ ತೊಳೆದು ಗೋಡೆಯ ಮೇಲೆ ಹಾಕಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವನ ಮಡಿಲು ಬರಿದಾಗಿತ್ತು. ಅವಳು ನಿದ್ದೆ ಮಾಡಿದಳು. ನನಗೆ ನಿದ್ದೆ ಬರಲಿಲ್ಲ. ಅವ್ವ ಕೇಳಿದ ಪ್ರಶ್ನೆಯೇ ಅರ್ಥವಾಗದ ಜಾಗಕ್ಕೆ ಮಗಳು ಹೋಗಿ ಮುಟ್ಟಿದ್ದಳು. ನಾನು ಬಯಸಿದ್ದು ಅದನ್ನೇ. ನನಗೂ ಅವ್ವನಿಗೂ ಆ ಜಾಗಕ್ಕೆ ಪೂರ್ತಿ ಹೋಗಲಾಗುವುದಿಲ್ಲ ಎಂಬುದೂ ಅಷ್ಟೇ ಖರೆ. ನಮ್ಮ ಕಾಲುಗಳು ಹೊಸ್ತಿಲ ಬಳಿ ಒಮ್ಮೆ ನಿಂತೇ ನಿಲ್ಲುತ್ತವೆ. ಸಂತೋಷವೂ ಸಂಕಟವೂ ಒಂದೇ ಸೀಟಿನಲ್ಲಿ ಕೂತು ದೇವದುರ್ಗದ ತನಕ ಬಂದವು.

ಬೇಸಿಗೆ ರಜೆಗೆ ಮಗಳು ಊರಿಗೆ ಬಂದಾಗ ಅವ್ವ ಅಟ್ಟಕ್ಕೆ ಕೈಚಾಚಿ ಚಾಪೆ ಎಳೆಯುತ್ತಿದ್ದಳು. ನನಗೆ ಹಾಸುತ್ತಿದ್ದ ಅದೇ ಚಾಪೆ.

"ಚಾಪಿ ಯಾಕ ಆಯಿ, ನಾ ಏನು ಬೀಗತೇನು?" ಎಂದು ಮಗಳು ಅವ್ವನ ಪಕ್ಕದ ನೆಲದ ಮೇಲೆ ಧೊಪ್ಪನೆ ಕೂತು, ಮೊರದಲ್ಲಿದ್ದ ತೊಗರಿಯ ಕಲ್ಲು ಆರಿಸತೊಡಗಿದಳು. ಆರಿಸುತ್ತಲೇ ಹೇಳಿದಳು. "ಆಯಿ, ನಿನ್ನ ತಾಟು ಯಾರಿಗೂ ಬ್ಯಾಡಾಗ್ಯಾದ ನೋಡು. ಕೈಗೆ ಬಂತಂದ್ರ ಎಲ್ಲಾರೂ ಅಯ್ಯೋ ಅಂತಾರ."

ಚಾಪೆ ಎಳೆಯುತ್ತಿದ್ದ ಅವ್ವನ ಕೈ ನಿಂತಿತು. "ಯಾಕ?"

"ಅಕ್ಷರ ಆಳ ಅದಾವ. ಬೂದಿ, ಅನ್ನದ ಅಗಳು ಒಳಗ ಸಿಕ್ಕೊಂಡು ಕುಂದರ್ತಾವ. ಕಡ್ಡಿ ಹಾಕಿ ತೆಗೀಬೇಕು. ಮೊನ್ನೆ, ಅವತ್ತ ನಿನ್ನ ಮುಂದ ನಿಂತಿದ್ಲಲ್ಲ, ಆ ಲೋಲಾಕಿನಾಕಿ ಪಾಳಿ ಬಂದಿತ್ತು. ನನ್ನ ಹೆಸರು ತಿಕ್ಕಿ ತಿಕ್ಕಿ ಸಾಕಾಗಿ, ನಿಮ್ಮ ಆಯಿಗೆ ಹೇಳು, ಮುಂದಿನ ಸಲ ಮೆಲ್ಲಕ ಬಡಸು ಅಂತ, ಅಂದ್ಲು."

ಅವ್ವ ನಗತೊಡಗಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು. ಒಳಗಿನಿಂದ ನನ್ನ ಹೆಂಡತಿ ಬಂದು ಏನಾಯಿತೆಂದು ಕೇಳಿದರೂ ಹೇಳಲಾಗಲಿಲ್ಲ. ಕೊನೆಗೆ ಉಸಿರು ತಿರುಗಿಸಿಕೊಂಡು ಎಳೆದಿದ್ದ ಚಾಪೆಯನ್ನು ಅಟ್ಟಕ್ಕೆ ದೂಡಿದಳು.

"ತಿಕ್ಕಲಿ ಬಿಡು," ಎಂದಳು. "ಛಂದಾಗಿ ತಿಕ್ಕಲಿ. ಸಣ್ಣಾಕೀನ ಕಳಿಸುವಾಗ ಇನ್ನೊಂದು ಬಡಸತೀನಿ."